ಅಡಿಕೆ ಸುಲಿಯೋ ಹೊತ್ತಿನ ಅರ್ಥಶಾಸ್ತ್ರ

ಸಾಗರದ ಒಂದು ಅಧ್ಯಯನ ಕೇಂದ್ರದಲ್ಲಿ ದೂರಶಿಕ್ಷಣದ ಬಿ.ಎ. ವಿದ್ಯಾರ್ಥಿಗಳಿಗೆ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ತರಗತಿ ಭಾನುವಾರ ಮಾತ್ರ. ಹೊಸನಗರ, ತುಮರಿ ಕಡೆಯವರು ಮೊದಲ ಬಸ್ಸಿಗೆ ಬಂದು ಕೊನೆ ಬಸ್ಸಿಗೆ ಓಡುತ್ತಾರೆ. ಮಳೆಗಾಲದಲ್ಲಂತೂ ಅರ್ಧ ಬೆಂಚು ಖಾಲಿ. ಬರಲಾಗದವರ ಮನೆಗೇ ಪಾಠ ಹೋಗಲಿ ಅಂತ ಪಾಡ್‌ಕಾಸ್ಟ್, ಅಂದರೆ ಫೋನಿಗೆ ಇಳಿಸಿಕೊಂಡು ಕೇಳುವ ಧ್ವನಿ ಕಂತುಗಳನ್ನು, ಶುರು ಮಾಡಿದೆ.

ತರಗತಿಯಲ್ಲಿ ಫೋನ್ ಮೇಜಿನ ಮೇಲಿಟ್ಟು, ಒಂದು ಗಂಟೆಯ ಪಾಠವನ್ನು ಹಾಗೇ ರೆಕಾರ್ಡ್ ಮಾಡಿ ಹಾಕಿದ್ದು ನನ್ನ ತಪ್ಪು. 128 ಕೆಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 128 ಕಿಲೋಬಿಟ್ ಲೆಕ್ಕದಲ್ಲಿ, ಅದು ಸುಮಾರು 58 ಎಂಬಿ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗೋ ಊರಲ್ಲಿ ಅಷ್ಟು ಇಳಿಯುವುದು ಯಾವಾಗ? ಇಳಿಸಿಕೊಂಡವರೂ ಪೂರ್ತಿ ಕೇಳಿರಲಿಲ್ಲ.

ಕಾರಣ ಹೇಳಿದವರು ಹೊಸನಗರ ಕಡೆಯ ಒಬ್ಬ ವಿದ್ಯಾರ್ಥಿನಿ, ನನಗಿಂತ ದೊಡ್ಡವರು. "ಮೇಡಂ, ನಾನು ಕೇಳೋದು ರಾತ್ರಿ ಅಡಿಕೆ ಸುಲಿಯೋವಾಗ. ನೀವು 'ಇಲ್ನೋಡಿ, ಈ ಗೆರೆ ಕೆಳಗಿಳಿಯುತ್ತೆ' ಅಂತೀರಿ. ಎಲ್ಲಿ ನೋಡ್ಲಿ? ಕಣ್ಣು ಕತ್ತಿ ಮೇಲಿರುತ್ತೆ."

ಒಂದು ಸಂಜೆ ಅವರ ಮನೆಗೇ ಹೋದೆ. ಬಲ್ಬಿನ ಕೆಳಗೆ ಐದಾರು ಜನ, ಎಲ್ಲರ ಮುಂದೂ ಮೆಟ್ಟುಗತ್ತಿ. ಕಾಯಿ ಕತ್ತಿಗೆ ಒತ್ತಿ, ಸಿಪ್ಪೆ ಬಿಡಿಸಿ, ಅಡಿಕೆ ಬುಟ್ಟಿಗೆ. ನನ್ನ ವಿದ್ಯಾರ್ಥಿನಿಗೆ ಒಂದೇ ಕಿವಿಯಲ್ಲಿ ಇಯರ್‌ಫೋನ್. ಇನ್ನೊಂದು ಕಿವಿ ಮನೆಯವರ ಮಾತಿಗೆ. ಕೈತುಂಬ ಅಡಿಕೆಯ ಕರೆ. ತಪ್ಪಿಹೋದ ಮಾತು ಮತ್ತೆ ಕೇಳಬೇಕೆಂದರೆ ಕೆಲಸ ಬಿಟ್ಟು, ಕೈ ಒರೆಸಿಕೊಂಡು ಫೋನ್ ಮುಟ್ಟಬೇಕು. ಯಾರು ಮಾಡ್ತಾರೆ, ಅಲ್ವಾ?

ಈಗ ಒಂದು ಕಂತು ಹತ್ತೇ ನಿಮಿಷ. ಒಂದೇ ವಿಷಯ. ಮುಖ್ಯವಾದ ಮಾತನ್ನು ಎರಡು ಸಲ, ಬೇರೆ ಬೇರೆ ಥರ ಹೇಳುತ್ತೇನೆ. ಮೋನೊದಲ್ಲಿ (ಎರಡೂ ಕಿವಿಗೆ ಒಂದೇ ಧ್ವನಿ) 64 ಕೆಬಿಪಿಎಸ್ ಇಟ್ಟರೆ ಐದು ಎಂಬಿಯೂ ಆಗುವುದಿಲ್ಲ. ಮಾತಿಗೆ ಅಷ್ಟು ಧಾರಾಳ ಸಾಕು. ಆ್ಯಪ್‌ನಲ್ಲಿ ಒಮ್ಮೆ ಚಂದಾದಾರರಾಗಿ ಆಟೋ ಡೌನ್‌ಲೋಡ್ ಹಾಕಿಟ್ಟರೆ, ಪೇಟೆಗೆ ಬಂದಾಗ ಹೊಸ ಕಂತು ತಾನೇ ಇಳಿದಿರುತ್ತೆ.

ಗೆರೆ ಎಳೆಯುವ ಬದಲು ಅಡುಗೆಮನೆಗೆ ಹೋಗುತ್ತೇನೆ. ಟೊಮೆಟೊ ತುಟ್ಟಿಯಾದರೆ ಕಾಲು ಕೆಜಿ ಸಾಕು ಅಂತೀವಿ. ಉಪ್ಪು ತುಟ್ಟಿಯಾದರೆ ಸಾರಿಗೆ ಉಪ್ಪು ಕಮ್ಮಿ ಹಾಕ್ತೀವಾ? ಇಷ್ಟು ಕೇಳಿ ಐದು ಸೆಕೆಂಡ್ ಸುಮ್ನಿರುತ್ತೇನೆ. ಬೆಲೆ ಬದಲಾದರೆ ಕೊಳ್ಳೋದು ಎಷ್ಟು ಬದಲಾಗುತ್ತೆ ಅನ್ನೋದಕ್ಕೆ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅನ್ನೋ ಭಾರದ ಪದ ಬರುವುದು ಆಮೇಲೆ. ಚಿತ್ರ ಬೇಕಾದವರಿಗೆ ಕೊನೆಯಲ್ಲಿ ಪುಸ್ತಕದ ಪುಟಸಂಖ್ಯೆ.

ಪಾಡ್‌ಕಾಸ್ಟ್ ಅನ್ನೋ ಹೆಸರು ಹುಟ್ಟಿದ್ದು 2004ರಲ್ಲಿ. ಕೆಲಸ ಮಾಡ್ತಾ ಕೇಳೋದು ಮಾತ್ರ ನಮ್ಮ ಕಡೆ ಭದ್ರಾವತಿ ಆಕಾಶವಾಣಿ ಕಾಲದಿಂದ ಬಂದ ಅಭ್ಯಾಸ.

ಜುಲೈನಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವಾಗ ಕಂಬಳಿ ಹೊದ್ದು ರೆಕಾರ್ಡ್ ಮಾಡುತ್ತೇನೆ. ಸದ್ದು ಪೂರ್ತಿ ಹೋಗಲ್ಲ, ಆದರೆ ಮಾತು ಸ್ಪಷ್ಟ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಹೊಸನಗರ ಕಡೆಯ ಆ ವಿದ್ಯಾರ್ಥಿನಿಯದೇ ವಾಯ್ಸ್ ಮೆಸೇಜ್ ಬಂತು, ಹಿಂದೆ ಸುಲಿಯೋ ಸದ್ದು. "ಮೇಡಂ, ಅಡಿಕೆ ಉಪ್ಪಿನ ಥರಾನೋ, ಟೊಮೆಟೊ ಥರಾನೋ?"

ಮುಂದಿನ ಕಂತು ಅದರ ಮೇಲೇ.