ಕವಡೆ ಲೆಕ್ಕ: ಮೂರನೇ ಭಾನುವಾರ

ಮನೆಯ ಚೌಕಾಬಾರದ ಕವಡೆಗಳು ನಿಯತ್ತಾಗಿ ಬೀಳುತ್ತವೆಯೇ? ಸ್ಟ್ಯಾಟಿಸ್ಟಿಕ್ಸ್ ಕಲಿಯೋಕೆ ಹಿಡಿದ ಪ್ರಶ್ನೆ ಇದೊಂದೇ. ಬಾಯಿ ಮೇಲೆ, ಬಾಯಿ ಕೆಳಗೆ ಎರಡೂ ಸಮ ಅನ್ನೋದು ನನ್ನ ನಲ್ ಹೈಪಾಥಿಸಿಸ್, ಅಂದರೆ ವಿರುದ್ಧ ಸಾಕ್ಷಿ ಸಿಗೋವರೆಗೆ ಇಟ್ಟುಕೊಳ್ಳೋ ಊಹೆ.

ಮೊದಲ ವಾರ ನಾಲ್ಕು ಕವಡೆಗಳನ್ನು ಬರೀ ಐದು ಸಲ ಹಾಕಿದ್ದೆ. 20ರಲ್ಲಿ 7 ಬಾಯಿ ಮೇಲೆ. ಝಡ್ ಸ್ಕೋರ್, ಅಂದರೆ ನಿರೀಕ್ಷೆಯಿಂದ ಎಷ್ಟು ದೂರ ಸರಿದಿದೆ ಅನ್ನೋ ಅಳತೆ, ಮೈನಸ್ 1.34 (ಮೈನಸ್ ಅಂದರೆ ಕಮ್ಮಿ ಬಿದ್ದಿದೆ). ಅದರಿಂದ ಏನೂ ಹೇಳೋಕಾಗಲ್ಲ. ಎರಡನೇ ವಾರ ನೆಂಟರು ಬಂದಿದ್ದರು, ಬಿಡಿ.

ಈ ವಾರ ಹೊಸದಾಗಿ 50 ಸಲ ಹಾಕಿದೆ. ಒಟ್ಟು 200 ಬೀಳಿಕೆ, ಬಾಯಿ ಮೇಲೆ 83. ಸಮ ಆಗಿದ್ದರೆ 100 ಬರಬೇಕಿತ್ತು. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಬರೀ ಅದೃಷ್ಟದಿಂದ ಆಗೋ ಮಾಮೂಲಿ ಏರುಪೇರು, ಇಲ್ಲಿ 200ರ ಕಾಲು ಭಾಗದ, ಅಂದರೆ 50ರ, ವರ್ಗಮೂಲ: 7.07. 17 ಕಮ್ಮಿ ಬಿದ್ದಿದೆ, 7.07ರಿಂದ ಭಾಗಿಸಿದರೆ ಝಡ್ ಮೈನಸ್ 2.40. ಪಿ ವ್ಯಾಲ್ಯೂ ಸುಮಾರು 0.016.

'ಕವಡೆ ನಿಯತ್ತಾಗಿರುವ ಸಾಧ್ಯತೆ ನೂರಕ್ಕೆ 1.6' ಅಂತ ನೋಟ್‌ಬುಕ್ಕಲ್ಲಿ ಬರೆದೆ. ರಾತ್ರಿ ಅದನ್ನೇ ಹೊಡೆದು ಹಾಕಿದೆ. ಲೆಕ್ಕ ಹೇಳೋದು ತಿರುಗಾಮುರುಗಾ. ಕವಡೆ ನಿಯತ್ತಾಗಿದೆ ಅಂತಲೇ ಇಟ್ಟುಕೊಂಡರೆ, 100ರಿಂದ ಇಷ್ಟು ದೂರ ಅಥವಾ ಇನ್ನೂ ದೂರ ಸರಿಯೋದು ಎಷ್ಟು ಅಪರೂಪ? ಅದು 0.016. ಇನ್ನು ಪಿ ವ್ಯಾಲ್ಯೂ 0.05ಕ್ಕಿಂತ ಕಮ್ಮಿ ಬಂದರೆ ಊಹೆಯನ್ನು ಅನುಮಾನಿಸಬೇಕು ಅನ್ನೋ ಗೆರೆ ದೇವರು ಎಳೆದದ್ದೇನಲ್ಲ. 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನು ಅನುಕೂಲದ ಮಿತಿ ಅಂತಲೇ ಸೂಚಿಸಿದ್ದು.

ಆಮೇಲೆ ಒಂದೊಂದು ಕವಡೆಯ ಲೆಕ್ಕ ಬಿಡಿಸಿ ನೋಡಿದೆ. 50ಕ್ಕೆ 24, 23, 24. ನಾಲ್ಕನೆಯದು 12! ಅದರ ಝಡ್ ಮೈನಸ್ 3.68. ಕೈಗೆತ್ತಿಕೊಂಡರೆ ಕಾರಣ ಕಾಣ್ತು. ಉಳಿದ ಮೂರರ ಬೆನ್ನು ಉಜ್ಜಿ ಚಪ್ಪಟೆ ಮಾಡಿದ್ದಾರೆ. ಇದರ ಬೆನ್ನು ಗುಂಡಗೆ ಹಾಗೇ ಇದೆ, ಬೆನ್ನ ಮೇಲೆ ಕೂರೋದೇ ಇಲ್ಲ, ಮಗುಚಿಕೊಳ್ಳುತ್ತೆ. ಹಳೆಯದೊಂದು ಕಳೆದಾಗ ಜಾತ್ರೆಯಲ್ಲಿ ತಂದದ್ದಂತೆ.

ಕೇಸು ಮುಗೀತು ಅನ್ನುವಷ್ಟರಲ್ಲಿ ಅನುಮಾನ ಬಂತು. ನಾಲ್ಕರಲ್ಲಿ ಯಾವುದು ವಿಚಿತ್ರವೋ ಅದನ್ನೇ ಆರಿಸಿ, ಅದೇ ಅಂಕಿಯಿಂದ ಪರೀಕ್ಷೆ ಮಾಡಿದರೆ ಮೋಸ ಅಲ್ವಾ? ಅನುಮಾನ ಹುಟ್ಟಿಸಿದ ಅಂಕಿಯೇ ಸಾಕ್ಷಿ ಹೇಳಬಾರದು. ಹಾಗಾಗಿ ಅದೊಂದನ್ನೇ ಮತ್ತೆ 50 ಸಲ ಹಾಕಿದೆ. ಈ ಸಲ 15. ಝಡ್ ಮೈನಸ್ 2.83. ಮೊದಲಿನಷ್ಟು ಜೋರಿಲ್ಲ, ಆದರೂ ಗುಂಡುಬೆನ್ನಿನವನು ಸಿಕ್ಕಿಬಿದ್ದ.

ಉಳಿದ ಮೂರು ಸೇರಿ 150ಕ್ಕೆ 71, ಝಡ್ ಮೈನಸ್ 0.65. ಅವು ನಿಯತ್ತಾಗಿವೆ ಅಂತ ಇದರಿಂದ ಸಾಬೀತಾಗಲ್ಲ. ಅವುಗಳ ಮೇಲೆ ದೂರು ಕೊಡೋಕೆ ಸಾಕ್ಷಿ ಸಿಗಲಿಲ್ಲ ಅಷ್ಟೆ.

ಗುಂಡುಬೆನ್ನನ್ನು ಕಲ್ಲಿಗೆ ಉಜ್ಜಿ ಮತ್ತೆ ಎಣಿಸೋಣ ಅಂದುಕೊಂಡೆ. ಅಮ್ಮ ಕೊಡಲಿಲ್ಲ. "ನಂಗೆ ಬಾರ ಬೀಳೋದೇ ಅದರಿಂದ" ಅಂದರು (ಬಾರ ಅಂದರೆ ನಾಲ್ಕೂ ಬಾಯಿ ಕೆಳಗೆ). ಮುಂದಿನ ವಾರ ಹುಣಸೆಬೀಜ.