ಕಾಲು ಎತ್ತಬಾರದಿತ್ತು

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್. ದಿನಾ ಆಫೀಸಿಗೆ ಓಡಿಸುವ ಅದೇ ಕಾರು. ವೇಗದ ತಿರುವಿನ ಮಧ್ಯೆ ಭಯವಾಗಿ ಆಕ್ಸಿಲರೇಟರ್‌ನಿಂದ ಕಾಲು ಎತ್ತಿಬಿಟ್ಟೆ. ಭಾರವೆಲ್ಲ ಮುಂದಕ್ಕೆ ಬಂತು, ಹಿಂಭಾಗ ಹಗುರಾಗಿ ಪಕ್ಕಕ್ಕೆ ಜಾರಿತು. ಎದೆ ಝಲ್ ಅಂತು.

ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಪಿಟ್‌ಗೆ ಬಂದು ಟೈರಿನ ಗಾಳಿ ನೋಡಿದೆ. ಬೆಳಿಗ್ಗೆ 33 ಇದ್ದ ಹಿಂದಿನ ಟೈರು ಬಿಸಿಯಾಗಿ 38 ಪಿಎಸ್‌ಐ! ಮುಟ್ಟಿದರೆ ಸುಡ್ತಿತ್ತು. ಅಂಚಿನಲ್ಲಿ ರಬ್ಬರು ಸಣ್ಣ ಉಂಡೆಗಳಾಗಿ ಸುತ್ತಿಕೊಂಡಿತ್ತು. 35ಕ್ಕೆ ಇಳಿಸಿದೆ.

ಗಾಳಿಗಿಂತ ಜಾಸ್ತಿ ನೆರವಾಗಿದ್ದು ಕಾಲು. ಬ್ರೇಕೆಲ್ಲ ನೇರ ದಾರಿಯಲ್ಲೇ ಮುಗಿಸಿ, ತಿರುವಿನುದ್ದಕ್ಕೂ ಆಕ್ಸಿಲರೇಟರ್ ಹದವಾಗಿ ಒತ್ತಿಕೊಂಡೇ ಇದ್ದೆ. ಮುಂದಿನ ಚಕ್ರ ಎಳೆಯುವ ಕಾರಲ್ವಾ, ಹಿಂಭಾಗ ಗಟ್ಟಿಯಾಗಿ ಕೂತಿತು.

ಭಯ ಆದಾಗ ಕಾಲು ತಾನಾಗೇ ಮೇಲೇಳುತ್ತೆ. ಇಷ್ಟು ವರ್ಷ ರಸ್ತೆ ಕಲಿಸಿದ್ದೂ ಅದನ್ನೇ. ಆಕ್ಸಿಲರೇಟರ್ ಮೇಲೆ ಸುಮ್ನೆ ಕಾಲಿಟ್ಟುಕೊಂಡಿರೋದನ್ನ ಕಲಿಯೋಕೆ ಮಧ್ಯಾಹ್ನ ಪೂರ್ತಿ ಬೇಕಾಯ್ತು.