ಮಂಗಳೂರಿಗೆ ವಿಮಾನ: ಹಾರಾಟ ಮುಕ್ಕಾಲು ಗಂಟೆ, ಪ್ರಯಾಣ ಎಷ್ಟು?

ಬೆಂಗಳೂರಿನ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ದೂರ ಸುಮಾರು 305 ಕಿಲೋಮೀಟರ್. ಬೆಂಗಳೂರು ಊರೊಳಗಿಂದ ಹಾಸನ, ಶಿರಾಡಿ ಘಾಟಿ ಮೇಲೆ ರಸ್ತೆಯಲ್ಲಿ ಮಂಗಳೂರಿಗೆ ಹೋದರೆ 350ರ ಆಸುಪಾಸು. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯಷ್ಟೇ. ಮಿಕ್ಕಿದ್ದು ವಿಮಾನ ರನ್‌ವೇ ತನಕ ತೆವಳುವುದಕ್ಕೆ, ಇಳಿದ ಮೇಲೆ ನಿಲ್ಲುವ ಜಾಗ ಸೇರುವುದಕ್ಕೆ.

ಆದರೆ ನೀವು ಲೆಕ್ಕ ಹಾಕಬೇಕಾದ್ದು ಮನೆ ಬಾಗಿಲಿಂದ. ನಾವು ಜಯನಗರದವರು. ಬೆಳಗ್ಗೆ 9ರ ವಿಮಾನಕ್ಕೆ ಐದೂವರೆಗೇ ಹೊರಟೆವು. ಹೆಬ್ಬಾಳ ಮೇಲ್ಸೇತುವೆ ದಾಟುವ ತನಕ ಯಾರೂ ಗ್ಯಾರಂಟಿ ಕೊಡುವುದಿಲ್ಲ, ಅಲ್ವಾ? ಬ್ಯಾಗ್ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಬಜ್ಪೆಯಲ್ಲಿ ಇಳಿದು, ಲಗೇಜ್ ತೆಗೆದುಕೊಂಡು, ಟ್ಯಾಕ್ಸಿ ಹಿಡಿದು ಮಂಗಳೂರು ಪೇಟೆ ನಡುವಿನ ಹಂಪನಕಟ್ಟೆ ಮುಟ್ಟಿದಾಗ ಹನ್ನೊಂದೂಕಾಲು. ಹತ್ತಿರ ಹತ್ತಿರ ಆರು ಗಂಟೆ! ರಾತ್ರಿ ಬಸ್ಸು ಏಳೆಂಟು ಗಂಟೆಯಲ್ಲಿ ತಲುಪಿಸುತ್ತದೆ, ಅದೂ ಮಲಗಿಸಿಕೊಂಡು.

ಹಾಗಾಗಿ ನನ್ನ ಪ್ರಕಾರ ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ಯಲಹಂಕ, ಸಹಕಾರನಗರದ ಕಡೆಯವರಿಗೆ, ಒಂದೇ ದಿನದಲ್ಲಿ ಹೋಗಿ ಬರಬೇಕಾದವರಿಗೆ, ಘಾಟಿ ತಿರುವಿನಲ್ಲಿ ಹೊಟ್ಟೆ ತೊಳಸುವವರಿಗೆ ಸರಿ. ಧರ್ಮಸ್ಥಳ, ಕುಕ್ಕೆಗೆ ಹೋಗುವವರು ಮಾತ್ರ ವಿಮಾನದ ಆಸೆ ಬಿಡಿ. ಎರಡೂ ಮಂಗಳೂರಿಗಿಂತ ಮೊದಲೇ ಸಿಗುವ ಊರುಗಳು. ಕುಕ್ಕೆಗಾದರೆ ಬಸ್ಸು ಘಾಟಿ ಇಳಿದೊಡನೆ ಸಿಗುವ ಗುಂಡ್ಯದಲ್ಲೇ ಆ ಕಡೆ ತಿರುಗಿಬಿಡುತ್ತದೆ. ಬಜ್ಪೆಯಲ್ಲಿ ಇಳಿದು ಮತ್ತೆ ಬೆಂಗಳೂರು ದಿಕ್ಕಿಗೇ ಬರುವುದು ಸುಮ್ನೆ ದುಡ್ಡು ದಂಡ. ಉಡುಪಿಗೆ ಪರವಾಗಿಲ್ಲ. ಪೇಟೆಯೊಳಗೆ ಹೋಗದೆ ಕಟೀಲು, ಮೂಲ್ಕಿ ಮೇಲೆ ಹೋದರೆ ದಾರಿಯಲ್ಲೇ ದೇವಿ ದರ್ಶನವೂ ಆಗುತ್ತದೆ.

ಹೊರಡುವ ಮುಂಚೆ ಟಿಕೆಟ್‌ನಲ್ಲಿ ಟಿ1 (ಟರ್ಮಿನಲ್ 1) ಇದೆಯೋ ಟಿ2 ಇದೆಯೋ ನೋಡಿಕೊಳ್ಳಿ. ಮೆಜೆಸ್ಟಿಕ್‌ನಿಂದಾದರೆ ಬಿಎಂಟಿಸಿಯ ವಾಯುವಜ್ರ ಬಸ್ಸು ಇದೆ, ಟ್ಯಾಕ್ಸಿಗಿಂತ ತುಂಬ ಅಗ್ಗ. ಕೈಚೀಲ 7 ಕಿಲೋ ಒಳಗಿದ್ದರೆ ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿ. ಕೌಂಟರ್ ಸಾಲೂ ತಪ್ಪುತ್ತದೆ, ಆಚೆ ಬೆಲ್ಟ್ ಮುಂದೆ ಕಾಯುವುದೂ ತಪ್ಪುತ್ತದೆ.

ಕಿಟಕಿ ಸೀಟು ಸಿಕ್ಕರೆ ಬಿಡಬೇಡಿ. ಮೊದಲು ಬಯಲುಸೀಮೆಯ ಕೆರೆಗಳು ಬಿಸಿಲಿಗೆ ಮಿಂಚುತ್ತವೆ. ಸ್ವಲ್ಪ ಹೊತ್ತಿಗೆ ಘಟ್ಟದ ಮೇಲೆ ಮೋಡ ಒತ್ತರಿಸಿಕೊಂಡು ನಿಂತಿರುತ್ತದೆ, ವಿಮಾನ ಒಂದೆರಡು ಸಲ ಕುಲುಕುತ್ತದೆ. ಮೋಡ ಹರಿದರೆ ಕೆಳಗೆ ಅಡಿಕೆ ತೋಟ, ಹೆಂಚಿನ ಮನೆ, ಕೆಂಪು ಮಣ್ಣಿನ ಗುಡ್ಡ. ಸ್ಯಾಂಡ್‌ವಿಚ್ ತರಿಸಿದ್ದರೆ ಬೇಗ ಬೇಗ ತಿನ್ನಿ, ಅರ್ಧ ತಿನ್ನುವಷ್ಟರಲ್ಲಿ ಟ್ರೇ ಮಡಚಿ ಅನ್ನುತ್ತಾರೆ.

ಮಂಗಳೂರಿನದು ಗುಡ್ಡದ ತಲೆ ಸಮ ಮಾಡಿ ಕಟ್ಟಿದ ನಿಲ್ದಾಣ. ಜೂನ್‌ನಿಂದ ಆಗಸ್ಟ್ ತನಕ ಮಳೆ ಜಡಿದು ರನ್‌ವೇ ಕಾಣದಿದ್ದರೆ ವಿಮಾನ ಮೇಲೆಯೇ ಸುತ್ತುತ್ತದೆ, ಒಮ್ಮೊಮ್ಮೆ ಬೇರೆ ಊರಿಗೆ ತಿರುಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಮಂಜು ಇದೇ ಕಾಟ ಕೊಡುತ್ತದೆ. ಮದುವೆ ಮುಹೂರ್ತ, ಇಂಟರ್‌ವ್ಯೂ ಇದ್ದರೆ ಹಿಂದಿನ ದಿನವೇ ಹೋಗಿ.

ವಾಪಸ್ ಟಿಕೆಟ್ ತೆಗೆಯುವಾಗ ಬೆಂಗಳೂರು ಮುಟ್ಟುವ ಹೊತ್ತು ನೋಡಿ. ಸಂಜೆ ಆರೇಳಕ್ಕೆ ಇಳಿದರೆ ಊರೊಳಗಿನ ಟ್ರಾಫಿಕ್‌ನಲ್ಲೇ ಹಾರಾಟಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ. ಮಧ್ಯಾಹ್ನದ್ದೋ ರಾತ್ರಿ ತಡವಾಗಿ ಬರುವುದೋ ಸಿಕ್ಕರೆ ಒಂದಿಷ್ಟು ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆಯಿರಿ.